ಎಡಗೈಗೆ ಎಂಟು ಕಿಲೋ

ಕಾಶಿ
ಶುಕ್ರವಾರ, 14 ನವೆಂಬರ್ 2025

ಮಗಳು ವಚನಾಗೆ ಅವ್ವ ಮಾಡುವ ಆಶೀರ್ವಾದ. ಸಿಟ್ಟಿನಲ್ಲಿ ಮಾಡಿದ್ದಾದರೂ ಆಶೀರ್ವಾದವೇ, ತೆಗೆದುಕೋ.

ನಾವಿಲ್ಲಿ ಕ್ಷೇಮ. ನೀನು ಗೋರಖಪುರದಲ್ಲಿ ಕ್ಷೇಮವಾಗಿದ್ದೀ, ಕಾಲೇಜು ಶುರುವಾಗಿದೆ, ಪಾಠಗಳು ಜಾಸ್ತಿ ಎಂಬುದೆಲ್ಲ ನಿಮ್ಮಪ್ಪನಿಂದ ತಿಳಿಯಿತು. ನನ್ನ ಫೋನಿಗೆ ನೀನು ಮಾಡಿದ ಕರೆಗಳನ್ನು ನಾನು ಬೇಕಂತಲೇ ಎತ್ತಲಿಲ್ಲ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಅದಕ್ಕೆ ಕ್ಷಮೆ ಕೇಳಬೇಕು, ಕೇಳಿದ್ದೇನೆ ಅಂದುಕೋ. ಮೊದಲನೇ ವಾರವೇ ಬರೆದಿದ್ದರೆ ಕಾಗದ ಹರಿದುಹೋಗುವಷ್ಟು ಒತ್ತಿ ಬರೆಯುತ್ತಿದ್ದೆ. ಫೋನಿನಲ್ಲಿ ಬೈಯೋಣವೆಂದರೆ ನೀನು "ಅವ್ವಾ, ಆವಾಜ್ ಕಟ್ ರಹೀ ಹೈ" ಎಂದು ಇಟ್ಟುಬಿಡುತ್ತೀ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಕನ್ನಡದಲ್ಲೇ ಬರೆಯುತ್ತೇನೆ. ನಿನಗೆ ಕನ್ನಡ ಓದುವುದು ನಿಧಾನ, ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತೀ, ಗೊತ್ತು. ಎಡವಿಕೊಂಡೇ ಓದು. ಒಂದೊಂದು ಬೈಗುಳವೂ ನಿಧಾನವಾಗಿ ಒಳಗೆ ಇಳಿಯಲಿ.

ನನ್ನ ಕಸರತ್ತಿನ ಗುಂಡುಗಳನ್ನು ಕಬಾಡಿಗೆ, ಆ ಗುಜರಿಯವನಿಗೆ, ಹಾಕುವ ಧೈರ್ಯ ನಿನಗೆ ಎಲ್ಲಿಂದ ಬಂತು?

ದೀಪಾವಳಿ ಪಾಡ್ಯದ ಮಾರನೇ ದಿನ. ಮುಧೋಳದ ಕಡೆಯಿಂದ ಎರಡು ಬಸ್ಸು ಯಾತ್ರಿಕರು ಬಂದಿದ್ದರು. ಮಠದ ಅಡುಗೆಮನೆಯಲ್ಲಿ ನಾನೂ ವೀರಮ್ಮನೂ ಬೆಳಗಿನಿಂದ ರೊಟ್ಟಿ ಬಡಿದು ಬಡಿದು ಸುಸ್ತಾಗಿದ್ದೆವು. ಮಗಳನ್ನು ರೈಲು ಹತ್ತಿಸಲು ಹೋಗಲಾಗಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಂಕಟ. ಮೂರು ಗಂಟೆಗೆ ಕೋಣೆಗೆ ಬಂದರೆ ಕಿಟಕಿಯ ಕೆಳಗಿನ ಮೂಲೆ ಖಾಲಿ! ಕಲ್ಲುಹಾಸಿನ ಮೇಲೆ ನಾಲ್ಕು ಗುಂಡನೆಯ ಕಲೆ ಉಳಿದಿದ್ದವು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ. ಎರಡು ಕಿಲೋ, ನಾಲ್ಕು, ಆರು, ಎಂಟು. ನಿಮ್ಮಪ್ಪ ಗೋಡೆಯ ಕಡೆ ನೋಡುತ್ತ, "ವಚನಾ ಕಬಾಡ್ಯಾಂವಗ ಕೊಟ್ಟಹೋದ್ಲು" ಅಂದರು. ನಾನು ನಂಬದೆ ನಿನಗೆ ಫೋನು ಮಾಡಿದೆ. ನೀನು ರೈಲಿನಲ್ಲಿದ್ದೆ. "ಹಾಂ ಅವ್ವಾ, ನಾನೇ ಕೊಟ್ಟೆ. ಈ ಉಮರ್‌ನಾಗ ಅದೆಲ್ಲಾ ಯಾಕ ಬೇಕು? ಕಮರ್ ಟೂಟ್ ಜಾಏಗೀ" ಅಂದೆ. ಅಂದು ಇಟ್ಟುಬಿಟ್ಟೆ.

ನನ್ನ ಸೊಂಟ ಮುರಿದರೆ ನನ್ನದು ಮುರಿಯುತ್ತದೆ, ನಿನಗೇನು ಕಷ್ಟ? ಅಡುಗೆಮನೆಯಲ್ಲಿ ಸಾರಿನ ಕೊಪ್ಪರಿಗೆ ಇಳಿಸುವಾಗ ಯಾರೂ ನನ್ನ ಸೊಂಟದ ಚಿಂತೆ ಮಾಡಿದ್ದು ಕಾಣೆ. ಮೂವತ್ತು ವರ್ಷದಿಂದ ಇಳಿಸುತ್ತಿದ್ದೇನೆ. ಅಷ್ಟು ಜನರಿಗೆ ಬೇಯಿಸಿ ಹಾಕುವ ಭಾರ ಭಾರವಲ್ಲ, ನನಗಾಗಿ ಎತ್ತಿದ ಎಂಟು ಕಿಲೋ ಮಾತ್ರ ಎಲ್ಲರ ಕಣ್ಣಿಗೆ ಚುಚ್ಚಿತು. ಯಾಕೆ ಎತ್ತುತ್ತಿದ್ದೇನೆಂದು ಒಂದು ಸಲವಾದರೂ ಕೇಳಿದೆಯಾ? ಬಂದಾಗಲೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ಗೆಳತಿಯರಿಗೆ ಕಳಿಸಿದೆ, "ಮೇರೀ ಪಹಲವಾನ್ ಅವ್ವಾ" ಎಂದು. ನಾನೂ ಹಲ್ಲು ಕಿರಿದು ನಿಂತೆ. ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ. ಈಗ ಹೇಳುತ್ತೇನೆ, ಕೂತು ಓದು.

ನಾಲ್ಕು ವರ್ಷದ ಹಿಂದೆ ಇದೇ ಕಾರ್ತಿಕದಲ್ಲಿ ಹನುಮಾನ್ ಘಾಟಿನ ಮೆಟ್ಟಿಲಲ್ಲಿ ಜಾರಿ ನನ್ನ ಎಡಗೈ ಮಣಿಕಟ್ಟು ಮುರಿದದ್ದು ನಿನಗೆ ಗೊತ್ತು. ಪ್ಲಾಸ್ಟರ್ ಹಾಕಿದ್ದೂ ಗೊತ್ತು, ತೆಗೆದದ್ದೂ ಗೊತ್ತು. ಆಮೇಲಿನದು ಗೊತ್ತಿಲ್ಲ. ಹಾಸ್ಟೆಲಿಗೆ ಹೋದಮೇಲೆ ಲಿಂಗಪೂಜೆ ಬಿಟ್ಟವಳು ನೀನು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ದಿನಾ ಬೆಳಿಗ್ಗೆ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ಪೂಜೆ ಮಾಡಿ, ಅದನ್ನೇ ನೋಡುತ್ತ ಕೂರುವುದು ನಮ್ಮ ಕ್ರಮ. ಮದುವೆಯಾದ ದಿನದಿಂದ ನಾನೂ ನಿಮ್ಮಪ್ಪನೂ ಅಕ್ಕಪಕ್ಕ ಕೂತು ಮಾಡಿದವರು. ಜಗಳವಾಡಿ ಮಾತು ಬಿಟ್ಟ ದಿನವೂ ಪೂಜೆಗೆ ಮಾತ್ರ ಪಕ್ಕದಲ್ಲೇ ಕೂತವರು.

ಪ್ಲಾಸ್ಟರ್ ತೆಗೆದ ಮೂರನೇ ದಿನ. ನನ್ನ ಕೈ ಒಣಗಿದ ಸೋರೆಕಾಯಿಯ ಹಾಗಿತ್ತು. ಆದರೂ ಹಟ. ಲಿಂಗ ಅಂಗೈಗಿಟ್ಟುಕೊಂಡು ವಿಭೂತಿ ಹಚ್ಚುವಷ್ಟರಲ್ಲಿ ಕೈ ಒಂದು ಸಲ ನಡುಗಿತು. ಜಾರಿತು. ನೆಲಕ್ಕೆ ಬಿತ್ತು.

ಅದರ ಸಪ್ಪಳ ಬಹಳ ಸಣ್ಣದು. ಹುಣಸೆಬೀಜ ಬಿದ್ದಷ್ಟೇ. ಆದರೆ ಲಿಂಗ ನೆಲಕ್ಕೆ ಬಿದ್ದರೆ ಹಿಂದಿನವರು ಪ್ರಾಣ ಇಟ್ಟುಕೊಳ್ಳುತ್ತಿರಲಿಲ್ಲವಂತೆ ಎಂಬ ಮಾತು ಕೇಳುತ್ತ ಬೆಳೆದವಳು ನಾನು. ನಿಮ್ಮಪ್ಪ ಕಣ್ಣು ತೆರೆದರು. ಎತ್ತಿ, ತೊಳೆದು, ಕರಡಿಗೆಯಲ್ಲಿಟ್ಟು ನನ್ನ ಕೊರಳಿಗೆ ಕಟ್ಟಿದರು. ಅಲ್ಲಿಯವರೆಗೆ ಸರಿ, ಅದಕ್ಕೆ ನಾನು ಋಣಿ. ಆಮೇಲೆ ಅಂದರು: "ಯಾರ ಮುಂದೂ ಆಡಬ್ಯಾಡ. ನಿನ್ನ ಕೈ ಇನ್ನ ನಂಬಾಂಗಿಲ್ಲ. ಮಣಿ ಮ್ಯಾಲ ಇಟ್ಟ ಪೂಜಿ ಮಾಡ್ಕೋ. ಒಳಗ ಕೂಡು."

ಒಳಗೆ ಎಂದರೆ ಎಲ್ಲಿ? ಅಡುಗೆಮನೆಯ ಹಿಂದಿನ ಉಗ್ರಾಣ. ಅಕ್ಕಿ ಚೀಲ, ಬೇಳೆ ಡಬ್ಬಿಗಳ ನಡುವೆ ಒಂದು ಮಣೆ. ಯಾತ್ರಿನಿವಾಸದ ಮ್ಯಾನೇಜರ್ ವೀರಭದ್ರಯ್ಯನವರ ಹೆಂಡತಿಯ ಕೈಯಿಂದ ಲಿಂಗ ಬಿತ್ತೆಂದು ಊರೆಲ್ಲ ಆಡಿಕೊಳ್ಳಬಾರದಲ್ಲ! ಮಠದ ಸ್ವಾಮಿಗಳ ಮುಂದೆ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ ಅಂದೆ, ಅದಕ್ಕೂ ಬಿಡಲಿಲ್ಲ. ಹೇಳಿದ್ದರೆ ಅವರು ಒಂದು ಮಾತಿನಲ್ಲಿ ನನ್ನ ಭಯ ಕಳೆಯುತ್ತಿದ್ದರೋ ಏನೋ. ನಾಲ್ಕು ವರ್ಷ ನಾನು ಅಕ್ಕಿ ಚೀಲದ ಪಕ್ಕ ಕೂತು ಮಣೆಯ ಮೇಲೆ ಪೂಜೆ ಮಾಡಿದ್ದೇನೆ, ವಚನಾ. ಗೋಡೆಯಾಚೆ ನಿಮ್ಮಪ್ಪ ಮಂತ್ರ ಹೇಳುವುದು ಕೇಳಿಸುತ್ತಿತ್ತು.

ಆವತ್ತೇ ತೀರ್ಮಾನ ಮಾಡಿದೆ. ಈ ಕೈ ನಂಬುವ ಹಾಗೆ ಮಾಡಿಯೇ ಅವರ ಪಕ್ಕ ಹೋಗಿ ಕೂರುತ್ತೇನೆ, ಅಲ್ಲಿಯವರೆಗೆ ಕರೆದರೂ ಹೋಗುವುದಿಲ್ಲ. ಅವರು ಕರೆಯಲಿಲ್ಲ ಬಿಡು.

ಶ್ರೀವಿದ್ಯಾ ಸಿಕ್ಕಿದ್ದು ಆಗಲೇ. ಮೈಸೂರಿನ ಹುಡುಗಿ, ಆಸ್ಪತ್ರೆಯಲ್ಲಿ ಫಿಸಿಯೋ ಕೆಲಸ. ಸಂಜೆ ಲಂಕಾ ಪೇಟೆಯಲ್ಲಿ ಪುಸ್ತಕದ ಅಂಗಡಿಯೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದು ವ್ಯಾಯಾಮ ಕಲಿಸುತ್ತಾಳೆ. "ಆಂಟಿ, ನಿಮ್ಗೆ ಕೈಯಿಂದ ಏನ್ ಆಗ್ಬೇಕು ಹೇಳಿ" ಅಂದಳು. "ಅಂಗೈ ಮ್ಯಾಲ ಒಂದ ಸಣ್ಣ ವಸ್ತು ಇಟಗೊಂಡು ಅರ್ಧ ತಾಸು ಅಳ್ಳಾಡದಂಗ ಕೂಡಬೇಕವ್ವಾ" ಅಂದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಕೈ ಒಂದನ್ನೇ ಗಟ್ಟಿ ಮಾಡೋಕಾಗಲ್ಲ ಆಂಟಿ. ಪಾದದಿಂದ ಶುರು ಮಾಡ್ಬೇಕು. ವರ್ಷಗಟ್ಟಲೆ ಹಿಡಿಯತ್ತೆ. ಅರ್ಜೆಂಟ್ ಇದ್ರೆ ಈಗಲೇ ಹೇಳ್ಬಿಡಿ" ಎಂದು ಒಂದು ಕಬ್ಬಿಣದ ಉಂಡೆ ತಂದಿಟ್ಟಳು. ಮೇಲೊಂದು ದಪ್ಪ ಹಿಡಿ. ಅದಕ್ಕೆ ಕೆಟಲ್‌ಬೆಲ್ ಎನ್ನುತ್ತಾರೆ. ವೀರಮ್ಮನ ಬಾಯಲ್ಲಿ ಅದು ಗುಂಡು ಆಯಿತು, ನನಗೂ ಅದೇ ರೂಢಿಯಾಯಿತು.

ಎರಡು ಕಿಲೋ! ಕೊಪ್ಪರಿಗೆ ಇಳಿಸುವ ನನಗೆ ಎರಡು ಕಿಲೋ! ಅವಮಾನ ಅನ್ನಿಸಿತು. ಬಲಗೈಯಲ್ಲಿ ಆಟಿಕೆ. ಎಡಗೈಗೆ ಕೊಟ್ಟಳು ನೋಡು, ಹತ್ತು ಎಣಿಸುವಷ್ಟರಲ್ಲಿ ಮಣಿಕಟ್ಟು ಕೈಕೊಟ್ಟಿತು. ಬಾಯಿ ಮುಚ್ಚಿಕೊಂಡೆ. ಏಳು ತಿಂಗಳು ಅದನ್ನೇ ಎತ್ತಿದೆ. ನೆಲದಿಂದ ಎತ್ತುವುದು, ಬೆನ್ನು ಬಾಗಿಸದೆ ಇಳಿಸುವುದು, ಒಂದೇ ಕೈಯಲ್ಲಿ ಹಿಡಿದು ವಾಲದೆ ನಡೆಯುವುದು. ಇಳಿಸುವಾಗ ಧಡ್ ಎಂದರೆ ಅವಳಿಗೆ ಆಗುವುದಿಲ್ಲ. "ಎತ್ತಿದ್ದನ್ನ ಎತ್ತಿದಷ್ಟೇ ಮರ್ಯಾದೆಯಿಂದ ಇಳಿಸಿ ಆಂಟಿ" ಎನ್ನುತ್ತಾಳೆ. ಯಾವಾಗ ನಾಲ್ಕು ಕಿಲೋ ಕೊಡುತ್ತೀ ಎಂದು ಕೇಳಿದರೆ, "ಬೇಜಾರು ಬರೋವರೆಗೂ ಇದನ್ನೇ ಎತ್ತಿ. ಬೇಜಾರು ಬಂದ್ಮೇಲೂ ಒಂದು ತಿಂಗಳು ಎತ್ತಿ. ಆಮೇಲೆ ನೋಡೋಣ" ಎಂಬ ಉತ್ತರ. ನನಗೆ ಎಷ್ಟು ಬೇಜಾರು ಬಂದಿತ್ತೆಂದರೆ ಆ ಗುಂಡನ್ನು ಗಂಗೆಗೆ ಎಸೆದು ಬರೋಣ ಅನ್ನಿಸುತ್ತಿತ್ತು.

ನಾಲ್ಕು ಕಿಲೋ ಒಂದು ವರ್ಷ. ಆರು ಕಿಲೋ ಒಂದೂವರೆ ವರ್ಷ. ನಡುವೆ ಭುಜ ಹಿಡಿದುಕೊಂಡು, ಮೂರು ತಿಂಗಳು ವಾಪಸ್ ಎರಡು ಕಿಲೋಗೆ ಇಳಿಸಿದಳು. ಆ ಸಂಜೆ ಲಂಕಾದಿಂದ ಆಟೋದಲ್ಲಿ ಬರುವಾಗ ಅತ್ತೆ. ಡ್ರೈವರ್ ಯಾರೋ ಸತ್ತಿದ್ದಾರೆಂದು ತಿಳಿದು ಸುಮ್ಮನೆ ಗಾಡಿ ಓಡಿಸಿದ. ಈ ವರ್ಷ ಶಿವರಾತ್ರಿಯ ಹೊತ್ತಿಗೆ ಎಂಟು ಕಿಲೋ ಕೈಗೆ ಬಂತು. ಅದರಲ್ಲಿ ಕಡೆಯ ಪಾಠವೆಂದರೆ ಗುಂಡನ್ನು ತಲೆಕೆಳಗಾಗಿ ಹಿಡಿಯುವುದು. ಹಿಡಿ ಮುಷ್ಟಿಯಲ್ಲಿ, ಉಂಡೆ ಮೇಲೆ. ಮನಸ್ಸು ಚೂರು ಅತ್ತಿತ್ತ ಹೋದರೂ ಅದು ವಾಲಿ ಮುಂಗೈಗೆ ಬಡಿಯುತ್ತದೆ. ನನ್ನ ಮುಂಗೈಯ ನೀಲಿ ಕಲೆ ನೋಡಿ ನೀನು "ಅಪ್ಪಾಜಿ ಹೊಡೆದ್ರಾ?" ಎಂದು ತಮಾಷೆ ಮಾಡಿದ್ದೆ, ನೆನಪಿದೆಯಾ?

ನರಕ ಚತುರ್ದಶಿಯ ಬೆಳಿಗ್ಗೆ, ನೀನಿನ್ನೂ ಹೊದ್ದು ಮಲಗಿದ್ದಾಗ, ಎಡಗೈಯಲ್ಲಿ ಎಂಟು ಕಿಲೋ ತಲೆಕೆಳಗಾಗಿ ಹಿಡಿದು ಇಪ್ಪತ್ತು ಎಣಿಸಿದೆ. ಅಲುಗಾಡಲಿಲ್ಲ. ಶ್ರೀವಿದ್ಯಾಳಿಗೆ ಫೋನು ಮಾಡಿದರೆ ಅವಳು ಹಾಸಿಗೆಯಲ್ಲೇ ಕಿರುಚಿದಳು. ಕಾರ್ತಿಕದ ಮೊದಲ ಸೋಮವಾರ ನಿಮ್ಮಪ್ಪನ ಪಕ್ಕ ಹೋಗಿ ಕೂರುತ್ತೇನೆ ಎಂದು ಲೆಕ್ಕ ಹಾಕಿ, ಹೊಸ ಇಳಕಲ್ ಸೀರೆ ತೆಗೆದಿಟ್ಟಿದ್ದೆ. ಅದಾದ ಮೂರನೇ ದಿನ ನನ್ನ ಮೂಲೆ ಖಾಲಿ!

ಈಗ ಹೇಳು. ನೀನು ಕೊಟ್ಟದ್ದು ಹಳೇ ಕಬ್ಬಿಣವೇನು?

ಸಿಟ್ಟಿಗೆ ಎರಡು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೊದಲ ಸೋಮವಾರ ಹೋಯಿತು, ಎರಡನೆಯದೂ ಬಂತು, ನಾನು ಉಗ್ರಾಣದಲ್ಲೇ. ವೀರಮ್ಮ ಕೊನೆಗೆ, "ಅಕ್ಕಾರ, ಹಿಂಗ ರೊಟ್ಟಿ ಮ್ಯಾಲ ಸಿಟ್ಟ ತಗೀಬ್ಯಾಡ್ರಿ, ಎಲ್ಲಾ ಹರ್ಯಾಕತ್ತಾವ. ಕಬಾಡ್ಯಾನ ಕೇಳೂಣು ಬರ್ರಿ" ಎಂದು ಎಳೆದುಕೊಂಡು ಹೊರಟಳು. ಮೊನ್ನೆ ಸೋಮವಾರ ಸೋನಾರಪುರದ ತಿರುವಿನಲ್ಲಿರುವ ಕಬಾಡಿ ಚಾಚಾನ ಅಂಗಡಿಗೆ ಹೋದೆವು. ಅವನು ತಲೆ ಕೆರೆದುಕೊಂಡ. "ಮಾತಾಜಿ, ಛೋಟಾ ವಾಲಾ ತೀನೋಂ ಗಾಡೀ ಮೇಂ ಚಲಾ ಗಯಾ. ಬಡಾ ವಾಲಾ ಹೈ. ಲೇಕಿನ್ ಅಬ್ ಉಸಕೋ ಮತ್ ಛುಇಏ." ಚಿಕ್ಕವು ಮೂರೂ ಲಾರಿಯಲ್ಲಿ ಹೋದವಂತೆ. ದೊಡ್ಡದು ಇದೆಯಂತೆ, ಆದರೆ ಮುಟ್ಟಬಾರದಂತೆ! ಯಾಕೆ ಎಂದರೆ ಅಂಗಡಿಯ ಮುಂದಿನ ಅರಳಿಮರದ ಕಡೆ ಕೈ ತೋರಿಸಿದ.

ನಾನು ಕಂಡದ್ದನ್ನು ಹೇಗೆ ಬರೆಯಲಿ? ಲಾರಿ ತುಂಬುವ ದಿನ ಅವನು ಎಂಟು ಕಿಲೋದ ಗುಂಡನ್ನು ತಾಡಪತ್ರಿಯ ಹಗ್ಗಕ್ಕೆ ಭಾರವಾಗಿರಲಿ ಎಂದು ಮರದ ಬುಡಕ್ಕೆ ಎಸೆದಿದ್ದನಂತೆ. ಹಸಿ ಮಣ್ಣಿನಲ್ಲಿ ಹಿಡಿ ಕೆಳಗಾಗಿ ಹೂತುಕೊಂಡಿದೆ. ಮೇಲೆ ಉಳಿದದ್ದು ಕರೀ ಉಂಡೆ ಮಾತ್ರ. ಎರಡೇ ದಿನದಲ್ಲಿ ಯಾರೋ ಅದಕ್ಕೆ ಚಂದನ ಬಳಿದರು, ಇನ್ಯಾರೋ ನೀರು ಹೊಯ್ದರು. ಹುಣ್ಣಿಮೆಗೆ ದೇವ ದೀಪಾವಳಿ ಬಂತು, ಸುತ್ತ ಹಣತೆ ಹಚ್ಚಿಟ್ಟರು. ನಾನು ಹೋಗುವ ಹೊತ್ತಿಗೆ ಮೇಲೊಂದು ತಾಮ್ರದ ಚೊಂಬು ಕಟ್ಟಿ ಹನಿ ಹನಿ ಅಭಿಷೇಕ ನಡೆದಿದೆ! ಗುಂಡಿನ ತಳ ಸ್ವಲ್ಪ ಚಪ್ಪಟೆಯಲ್ಲವೇ, ಅದರ ಮೇಲೆ ಬಿಲ್ವಪತ್ರೆ ಜಾರದೆ ಚೆನ್ನಾಗಿ ಕೂತಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಚೆಂಡುಹೂವಿನ ಮಾಲೆ ಮಾರಲು ಕೂತಾಗಿತ್ತು.

"ಯಹ್ ಮೇರಾ ಹೈ" ಅಂದೆ. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಹಾದೇವ್ ಕೇಹೂ ಏಕ ಜನೀ ಕೇ ನಾ ಹೋಲನ್!" ಎಂದು ಕೂಗಿದಳು. ಮಹಾದೇವ ಯಾರೋ ಒಬ್ಬಳ ಸ್ವತ್ತಲ್ಲವಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾಲ್ಕು ವರ್ಷ ಬೆವರು ಸುರಿಸಿದವಳು ನಾನು. ಹತ್ತು ದಿನಕ್ಕೆ ಇವರ ದೇವರಾಯಿತಾ? ಮನೆಯಲ್ಲಿ ನೋಡಿದರೆ ಅದು ಕಸ, ಬೀದಿಗೆ ಬಂದರೆ ಮಹಾದೇವ! ಸೆರಗು ಸಿಕ್ಕಿಸಿ ಕೂತೆ, ಎರಡೂ ಕೈಯಿಂದ ಮಣ್ಣು ಬಗೆದೆ, ಹಿಡಿ ಸಿಕ್ಕಿತು. ಎಡಗೈ ಹಾಕಿ, ಶ್ರೀವಿದ್ಯಾ ಹೇಳಿಕೊಟ್ಟ ಹಾಗೆ ಪಾದ ಊರಿ, ಉಸಿರು ಕಟ್ಟಿ, ಎದ್ದೆ.

ಉಂಡೆ ಮೇಲೆ, ಹಿಡಿ ನನ್ನ ಮುಷ್ಟಿಯಲ್ಲಿ. ಬಿಲ್ವಪತ್ರೆ ಹಾಗೇ ಕೂತಿತ್ತು. ಮುದುಕಿ "ಏ ಮಾಈ, ಮಹಾದೇವ್ ಕೇ ಉಖಾಡ್ ದೇಹಲೂ!" ಎಂದು ಎದೆ ಬಡಿದುಕೊಂಡಳು. ಕಿತ್ತುಬಿಟ್ಟೆಯಲ್ಲೇ ಎಂದು. ರಿಕ್ಷಾಗಳು ನಿಂತವು, ಜನ ಸೇರಿದರು. ನಾನು ಉಂಡೆಯನ್ನು ತಿರುಗಿಸಿ ಮೈಮೇಲೆ ಅಚ್ಚಾಗಿದ್ದ ಎಂಟರ ಅಂಕಿ ತೋರಿಸಿ, "ದೇಖೋ, ಆಠ್ ಕಿಲೋ! ಕಸರತ್ ಕಾ ಲೋಹಾ ಹೈ" ಅಂದೆ. ಗುಂಪಿನಲ್ಲಿದ್ದ ಒಬ್ಬ ಪಂಡಿತ ಕನ್ನಡಕ ಸರಿಮಾಡಿಕೊಂಡು ನೋಡಿ, "ಆಠ್! ಸಾಕ್ಷಾತ್ ಅಷ್ಟಮೂರ್ತಿ!" ಅಂದುಬಿಟ್ಟ, ಎಂಟು ರೂಪದ ಶಿವನೇ ಎಂದು. ತಗೋ, ಇಡೀ ಬೀದಿ ಹರಹರ ಮಹಾದೇವ ಎಂದು ಕೈ ಮುಗಿಯಿತು. ವೀರಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ನಾನು ಒಳಗೊಳಗೇ ಎಣಿಸುತ್ತಿದ್ದೆ. ಇಪ್ಪತ್ತು ದಾಟಿ ಇಪ್ಪತ್ತಾರಕ್ಕೆ ಬಂದಾಗ ನಿಧಾನವಾಗಿ, ಮರ್ಯಾದೆಯಿಂದ ಇಳಿಸಿದೆ.

ಮುದುಕಿಯ ಅಳು ಮಾತ್ರ ನಿಲ್ಲಲಿಲ್ಲ. ಕಬಾಡಿ ಚಾಚಾನೇ ಒಳಗಿನಿಂದ ಒಂದು ಒಡೆದ ರುಬ್ಬುಗುಂಡು ತಂದು ಆ ಗುಂಡಿಯಲ್ಲಿ ನೆಟ್ಟ. ಅವಳು ಮೂಗು ಒರೆಸಿಕೊಂಡು ಅದಕ್ಕೆ ಮಾಲೆ ಹಾಕಿದಳು. ಕಾಶಿಯಲ್ಲಿ ಮಹಾದೇವನಿಗೇನು ಬರ.

ನಾವು ಹೊರಡುವಾಗ ಕಬಾಡಿ ಚಾಚಾ ಇನ್ನೊಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಠದವರೆಗೆ ಗುಂಡನ್ನು ಎಡಗೈಯಲ್ಲೇ ತಂದೆ. ಮೂರು ಕಡೆ ಕೆಳಗಿಟ್ಟೆ, ಕೈ ಬದಲಾಯಿಸಲಿಲ್ಲ. ಬಾಗಿಲಲ್ಲಿ ಕೂತಿದ್ದ ನಿಮ್ಮಪ್ಪ ನೋಡಿದರು, ಎದ್ದು ಒಳಗೆ ಹೋದರು. ಈಗೀಗ ಅವರದು ಎಲ್ಲದಕ್ಕೂ ಹಾಗೇ. ಚಳಿ ಇನ್ನೂ ಸರಿಯಾಗಿ ಬಂದಿಲ್ಲ, ಆಗಲೇ ಎಡಗೈ ಶಾಲಿನೊಳಗೆ. ಚಹಾ ಅರ್ಧ ಲೋಟ ಸಾಕು ಎನ್ನುತ್ತಾರೆ. ರೂಮಿನ ರಿಜಿಸ್ಟರನ್ನು ಮೊದಲು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಈಗ ಯಾತ್ರಿಕರ ಕೈಗೇ ಪೆನ್ನು ಕೊಟ್ಟು "ನೀವ ಬರಕೊಳ್ರಿ" ಎನ್ನುತ್ತಾರೆ. ವಯಸ್ಸಾದಮೇಲೆ ಸೋಮಾರಿತನ ಬಂದಿದೆ.

ಬರುವ ಸೋಮವಾರ ಕಾರ್ತಿಕದ ಕಡೆಯದು. ಅವತ್ತು ನಾನು ಉಗ್ರಾಣದಲ್ಲಿ ಕೂರುವುದಿಲ್ಲ. ಅವರು ಎದ್ದು ಹೋದರೂ ಸರಿ, ಪಕ್ಕದಲ್ಲೇ ಕೂರುತ್ತೇನೆ. ನಿನಗೆ ತಿಳಿದಿರಲಿ ಎಂದು ಬರೆದೆ, ಅನುಮತಿ ಕೇಳಲು ಅಲ್ಲ.

ನೀನು ಮಾಡಿದ್ದು ತಪ್ಪು. ಅವ್ವನ ಮೇಲಿನ ಪ್ರೀತಿ ಅನ್ನಬೇಡ. ನಾಲ್ಕು ವರ್ಷದ ವಸ್ತುವನ್ನು ನಾಲ್ಕು ನಿಮಿಷದಲ್ಲಿ ಬೀದಿಗೆ ಹಾಕುವ ಪ್ರೀತಿ ನನಗೆ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಹಾಸ್ಟೆಲಿನ ಕಾಲದಿಂದ ಹಿಡಿದ ಮ್ಯಾಗಿ ಚಟ ಬಿಡು. ಕೂದಲಿಗೆ ಎಣ್ಣೆ ಹಚ್ಚು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ, ನೀನು ಹಿಡಿದದ್ದು ಯಾವುದೂ ಕೈಜಾರದಿರಲಿ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ
ಅವ್ವ,
ಗಿರಿಜಾದೇವಿ

ತಾ.ಕ. ಮಂಗಳವಾರ, 18ನೇ ತಾರೀಖು.

ಕಾಗದವನ್ನು ಅಂಚೆಗೆ ಹಾಕಿರಲಿಲ್ಲ. ಹಾಕದಿದ್ದದ್ದೇ ಒಳ್ಳೆಯದಾಯಿತು.

ಕಬಾಡಿ ಚಾಚಾ ಹೇಳಿದ ಮಾತು ಇದು: "ಬಿಟಿಯಾ ನಹೀಂ ಮಾತಾಜಿ, ಬಾಬೂಜಿ ಖುದ್ ಬುಲಾಏ ಥೇ." ನೀನಲ್ಲ, ನಿಮ್ಮಪ್ಪನೇ ಅವನನ್ನು ಕರೆದು ಕೊಟ್ಟದ್ದು. ಮೇಲಿನ ಬೈಗುಳವೆಲ್ಲ ಅದು ಗೊತ್ತಿದ್ದೇ ಬರೆದದ್ದು. ನಿನ್ನನ್ನು ಬೈಯುವುದು ಸುಲಭ, ವಚನಾ. ಅವರನ್ನು ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ. ನೀನು ಯಾಕೆ ಅವರ ತಪ್ಪನ್ನು ಮೈಮೇಲೆ ಹಾಕಿಕೊಂಡೆ ಎಂಬುದು ಮಾತ್ರ ಅರ್ಥವಾಗಿರಲಿಲ್ಲ.

ನಿನ್ನೆ ಅರ್ಥವಾಯಿತು. ಇಳಕಲ್ ಸೀರೆ ಉಟ್ಟು ಹೋಗಿ ಅವರ ಪಕ್ಕ ಕೂತೆ. ಅವರು ಬೇಡ ಅನ್ನಲಿಲ್ಲ, ನನ್ನ ಮುಖ ನೋಡಲೂ ಇಲ್ಲ. ನಾನು ಲಿಂಗ ಅಂಗೈಗೆ ತೆಗೆದುಕೊಂಡೆ. ಪೂಜೆ ಮುಗಿಯುವವರೆಗೆ ನನ್ನ ಕೈ ಕಲ್ಲಿನ ಹಾಗಿತ್ತು. ಮುಗಿಸಿ, ಕೊರಳಿಗೆ ಕಟ್ಟಿಕೊಂಡು, ಈಗಲಾದರೂ ನೋಡಿದರೇನೋ ಎಂದು ಅವರ ಕಡೆ ತಿರುಗಿದೆ. ಅವರು ಇನ್ನೂ ಶುರುವನ್ನೇ ಮಾಡಿರಲಿಲ್ಲ. ಶಾಲಿನಿಂದ ಎಡಗೈ ಹೊರಗೆ ಬಂದಿತ್ತು. ಆ ಕೈ ನಡುಗುತ್ತಿತ್ತು. ಚಳಿಯ ನಡುಕ ಅಲ್ಲ. ನಿಲ್ಲಿಸಬೇಕೆಂದು ಬಲಗೈಯಿಂದ ಒತ್ತಿಹಿಡಿದರೂ ನಿಲ್ಲದ ನಡುಕ. ಅಂಗೈಯಲ್ಲಿ ಲಿಂಗ ಕುಣಿಯುತ್ತಿತ್ತು.

ನಾನೇನು ಮಾಡಿದೆ ಗೊತ್ತಾ? ಸುಳ್ಳು ಬರೆಯುವುದಿಲ್ಲ. ನಾಲ್ಕು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಅಂದೇಬಿಟ್ಟೆ. "ನಿಮ್ಮ ಕೈ ಇನ್ನ ನಂಬಾಂಗಿಲ್ರಿ. ಮಣಿ ಮ್ಯಾಲ ಇಟ್ಟ ಪೂಜಿ ಮಾಡ್ಕೊರಿ." ಅಕ್ಷರ ಬಿಡದೆ ಅಂದೆ.

ಅವರು "ಹೌದು" ಅಂದರು. ಅಷ್ಟೇ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಎದ್ದು ಉಗ್ರಾಣದ ಕಡೆ ಹೋಗಲು ಒಂದು ಕೈ ನೆಲಕ್ಕೆ ಊರಿದರು, ಆಗ ಲಿಂಗ ಅಂಗೈಯ ಅಂಚಿಗೆ ಬಂತು. ನಾನು ನನ್ನ ಎಡಗೈಯನ್ನು ಅವರ ಕೈಯ ಕೆಳಗೆ ಇಟ್ಟೆ. ಬೇಕೆಂದು ಇಟ್ಟೆನೋ, ತಾನಾಗಿ ಹೋಯಿತೋ ಗೊತ್ತಿಲ್ಲ. "ಕೂಡ್ರಿ, ಪೂಜಿ ಮುಗಸ್ರಿ" ಅಂದೆ. ಮುಗಿಯುವವರೆಗೂ ಅವರ ಕೈ ನನ್ನ ಕೈ ಮೇಲಿತ್ತು. ಎಂಟು ಕಿಲೋ ಏನಿಲ್ಲ, ಹಗುರ. ಆದರೆ ಆ ನಡುಕವನ್ನೂ ಸೇರಿಸಿ ಹಿಡಿಯಬೇಕಾಗಿತ್ತು.

ಆಮೇಲೆ ಎಲ್ಲ ಹೇಳಿದರು. ಹೋಳಿ ಹುಣ್ಣಿಮೆಯಿಂದ ನಡುಗುತ್ತಿದೆಯಂತೆ. ನೀನು ಬಂದಾಗ ಲಂಕಾದಲ್ಲಿ ಮಿಠಾಯಿ ತರುತ್ತೇವೆಂದು ಹೇಳಿ ಅಪ್ಪ ಮಗಳು ಡಾಕ್ಟರ ಹತ್ತಿರ ಹೋಗಿದ್ದಿರಂತೆ. ಕಾಯಿಲೆಗೆ ಹೆಸರೂ ಇದೆಯಂತೆ. "ದಿನಾ ಮುಂಜಾನಿ ನೀ ಗುಂಡ ಎಣಸೂದು ಕೇಳತಿತ್ತು. ನಿನ್ನ ಕೈ ಗಟ್ಟಿ ಆದಂಗ ನನ್ನ ಕೈ ಹೊಂಟಿತ್ತು. ತಡಕೊಳ್ಳಾಕ ಆಗಲಿಲ್ಲ, ಕೊಟ್ಟಬಿಟ್ಟೆ. ತಾನ ಕೊಟ್ಟೆ ಅಂತ ಹೇಳಂತ ಕೂಸಿಗೆ ನಾನ ಕೈ ಮುಗದೆ" ಅಂದರು.

ನನಗೆ ಆದ ಗಾಯ ಗುಂಡಿನದಲ್ಲ, ವಚನಾ. ಗುಂಡು ಸಿಕ್ಕಿತು. ಮಗಳಿಗೆ ಕೈ ಮುಗಿದವರು ನನ್ನ ಹತ್ತಿರ ಒಂದು ಮಾತು ಹೇಳಲಿಲ್ಲ. ನಾನು ಗೋಡೆಯಾಚೆಯೇ ಇದ್ದೆ. ಕೇಳಿದ್ದರೆ ನಾನು ಈ ಕೈ ಕೊಡುತ್ತಿರಲಿಲ್ಲವಾ? ನೀನಾದರೂ ಹೇಳಬೇಕಾಗಿತ್ತು. ಅದಕ್ಕೇ ಮೇಲಿನ ಬೈಗುಳ ಒಂದನ್ನೂ ಹೊಡೆದುಹಾಕಿಲ್ಲ, ಹಾಗೇ ಇಟ್ಟುಕೋ.

ಶ್ರೀವಿದ್ಯಾಳನ್ನು ಕೇಳಿದೆ. ವ್ಯಾಯಾಮದಿಂದ ಇದು ವಾಸಿಯಾಗುವುದಿಲ್ಲ ಆಂಟಿ, ಆದರೆ ಮಾಡಿದಷ್ಟೂ ಒಳ್ಳೆಯದು ಅಂದಳು. ಬರುವಾಗ ಎರಡು ಕಿಲೋದ ಗುಂಡು ಒಂದು ತಾ. ನಿಮ್ಮಪ್ಪ ನಾಲ್ಕರಿಂದಲೇ ಶುರು ಮಾಡುತ್ತೇನೆ ಎನ್ನುತ್ತಿದ್ದಾರೆ. ತರಬೇಡ. ಎರಡು ಕಿಲೋನೇ ತಾ, ಬೇಜಾರು ಬರುವವರೆಗೂ ಅದನ್ನೇ ಎತ್ತಲಿ.